ಜೆಲ್ಲಿಯ ಮೇಲಿನ ಬಯಲು

ಇವತ್ತು ಬೆಳಿಗ್ಗೆ ರೊಟ್ಟಿ ಬಡಿದು, ಯಜಮಾನರ ಡಬ್ಬಿ ಕಟ್ಟಿ, ಮಗಳು ಕೇಳಿದ್ದ ಪುಡ್ಡಿಂಗ್‌ಗೆಂದು ಚೈನಾ ಗ್ರಾಸ್ ಕುದಿಯಲು ಇಟ್ಟೆ. ಹಾಲು ಬೆರೆಸುವ ಮೊದಲು ಅದಕ್ಕೊಂದು ವಾಸನೆ ಇರುತ್ತದೆ, ತೊಯ್ದ ಹಗ್ಗದಂಥದು. ಗೋಕಾಕದ ಲ್ಯಾಬ್ ಕಾಕಾನ ಖೋಲಿಯಲ್ಲಿ ಇದೇ ವಾಸನೆ ಇರುತ್ತಿತ್ತು...

ರಕ್ತ, ಕೀವು ತಪಾಸಣೆ ಮಾಡುತ್ತಿದ್ದ ಅವರನ್ನು ಎಲ್ಲರೂ ಹಾಗೇ ಕರೆಯುತ್ತಿದ್ದರು. ಈಗಷ್ಟೇ ಕೈ ತೊಳೆದವರಂತೆ ಬೆರಳುಗಳನ್ನು ಸದಾ ಬಿಡಿಬಿಡಿಯಾಗಿ ಹಿಡಿದಿರುತ್ತಿದ್ದರು.

ನಾನಾಗ ಪಿಯುಸಿ ಮುಗಿಸಿ ಮನೆಯಲ್ಲಿದ್ದೆ. ಮೇಲವಂಕಿಯ ಹೊಲದಲ್ಲಿ ಅವ್ವನ ಪಾದಕ್ಕೆ ಕಬ್ಬಿನ ಕೂಳೆ ಚುಚ್ಚಿತು. ಅಪ್ಪನ ಹಲ್ಲುನೋವಿಗೆ ತಂದು ಉಳಿದಿದ್ದ ಕ್ಯಾಪ್ಸೂಲ್ ಬಿಚ್ಚಿ, ಪುಡಿಯನ್ನು ಗಾಯದ ಮೇಲೆ ಉದುರಿಸಿದೆ. ನಮ್ಮ ಕಡೆ ಎಲ್ಲರೂ ಹಾಗೇ ಮಾಡುತ್ತಿದ್ದರು. ಪುಡಿ ಗಟ್ಟಿಯಾಗಿ ಕೂತದ್ದನ್ನು ಕಂಡು ಗಾಯ ಒಣಗಿತೆಂದೇ ತಿಳಿದೆ. ವಾರದೊಳಗೆ ಪಾದ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಅವ್ವನಿಗೆ ಸಕ್ಕರೆ ಕಾಯಿಲೆ ಬೇರೆ.

"ಯಾವ ಔಷಧಕ್ಕ ಬಗ್ಗತೈತಿ ನೋಡೂಣು. ಬಗ್ಗಲಿಲ್ಲಂದ್ರ ಪಾದ ತಗೀಬೇಕಾಗ್ತೈತಿ," ಎಂದ ಡಾಕ್ಟರು ಕೀವನ್ನು ಕಾಕಾನ ಲ್ಯಾಬಿಗೆ ಕಳಿಸಿದರು. ಒಯ್ದವಳು ನಾನೇ; ಯಾವ ಪುಡಿ ಉದುರಿಸಿದ್ದೆನೆಂದೂ ಹೇಳಿದೆ. ಕಾಕಾ ಅದನ್ನು ಇದೇ ಚೈನಾ ಗ್ರಾಸ್ ಕುದಿಸಿ ಗಾಜಿನ ತಟ್ಟೆಯಲ್ಲಿ ಗಟ್ಟಿ ಮಾಡಿದ್ದ ಜೆಲ್ಲಿಯ ಮೇಲೆ ಸವರಿದರು.

"ಏನ್ ಮಾಡಾಕತ್ತೀರಿ ಕಾಕಾ?"

"ನೀವು ಕಬ್ಬು ಹಚ್ಚತೀರಿ, ನಾ ಕೀವು ಬಿತ್ತತೀನಿ. ನಾಡದು ಬಾ, ಪೀಕು ಹೆಂಗ ಬಂದೈತಿ ನೋಡೂಣು."

ಮೂರನೆಯ ದಿನ ಹೋದಾಗ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಜೆಲ್ಲಿಯ ತುಂಬ ಮಂಜಿನಂಥ ಬಿಳಿ ಪೊರೆ. ಕಣ್ಣಿಗೆ ಕಾಣದ ಜೀವಿಗಳು ಕಣ್ಣಿಗೆ ಕಾಣುವಷ್ಟು ಸಂಸಾರ ಬೆಳೆಸಿದ್ದವು. ನಡುವೆ ಕಾಕಾ ಇಟ್ಟಿದ್ದ ಪುಟ್ಟ ಕಾಗದದ ಬಿಲ್ಲೆಗಳು, ಒಂದೊಂದರಲ್ಲಿ ಒಂದೊಂದು ಔಷಧ.

"ಇದು ನೀ ಉದುರಿಸಿದ್ದು," ಎಂದು ತೋರಿಸಿದರು. ಪೊರೆ ಆ ಬಿಲ್ಲೆಯ ಅಂಚಿಗೆ ಅಂಟಿಕೊಂಡೇ ಸೊಂಪಾಗಿ ಬೆಳೆದಿತ್ತು. ನನಗೆ ತಲೆ ಎತ್ತಲಾಗಲಿಲ್ಲ.

"ಕಾನ್ವೆಂಟ್ ಸಾಲಿ ಕಲತು ಇದನ್ನ ಮಾಡಿದೇನವಾ? ಅಳಬ್ಯಾಡ. ಬಾಜೂದು ನೋಡ."

ಬಾಜೂ ಬಿಲ್ಲೆಯ ಸುತ್ತ ಪೊರೆಯೇ ಇಲ್ಲ. ದೊಡ್ಡ ಕುಂಕುಮದ ಬೊಟ್ಟಿನಷ್ಟು ದುಂಡಗೆ, ಶುಭ್ರ ಬಯಲು. ಆ ಗೆರೆ ದಾಟಿ ಒಂದು ಜೀವವೂ ಒಳಗೆ ಕಾಲಿಟ್ಟಿರಲಿಲ್ಲ. ಶಾಲೆಯ ಪ್ರಾರ್ಥನೆಯಲ್ಲಿ, ಮಠದಲ್ಲಿ, ಹಿರಿಯರು ಹೇಳಿದಾಗೆಲ್ಲ ಕೈಮುಗಿದವಳು ನಾನು. ತಾನಾಗಿ ಕೈ ಕೂಡಿದ್ದು ಆ ತಟ್ಟೆಯ ಮುಂದೆ...

"ಡಾಕ್ಟ್ರಿಗೆ ಬರದು ಕೊಡ್ತೇನಿ. ಹೇಳಿದಷ್ಟು ದಿನಾ ಪೂರಾ ಆಗಬೇಕು ಮತ್ತ. ನಡುವ ಬಿಟ್ರ ಉಳದಾವು ಎದ್ದು ಕುಂದರತಾವ."

ಪೂರಾ ಮಾಡಿಸಿದೆವು. ಕಾಲಿನ ಕೆಂಪು ಎಲ್ಲಿಯವರೆಗೆ ಇಳಿಯಿತೆಂದು ದಿನವೂ ಪೆನ್ನಿನಿಂದ ಗೆರೆ ಎಳೆಯುತ್ತಿದ್ದೆ. ಕೊನೆಯ ಗೆರೆ ಕಿರುಬೆರಳಿನ ಬುಡದಲ್ಲಿತ್ತು.

ಕಾಕಾ ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಎಷ್ಟೋ ತಿಂಗಳ ಮೇಲೆ. ಮದುವೆಯಾಗಿ ಹುಕ್ಕೇರಿಗೆ ಬಂದಿದ್ದೆ. ಒಮ್ಮೆಯಾದರೂ ಹೋಗಿ ಅವರ ಮುಂದೆ ನಿಲ್ಲಬೇಕಿತ್ತು... ನಿಲ್ಲಲಿಲ್ಲ.

ಅವ್ವ ಈಗ ನಮ್ಮಲ್ಲೇ ಇದ್ದಾಳೆ. ಇವತ್ತು ಸಂಜೆ ಬಾಜೂ ಮನೆಯಾಕೆಯ ಜೊತೆ ಮಠಕ್ಕೆ ಹೋಗಿ ಬಂದಳು. ಬಾಜೂ ಮನೆಯಾಕೆ ಏದುಸಿರು ಬಿಡುತ್ತ ನಮ್ಮ ಕಟ್ಟೆಯ ಮೇಲೆ ಕೂತು, ಚಪ್ಪಲಿ ಕಳಚಿದಳು.

"ಇನ್ನ ನಿಮ್ಮ ಅವ್ವಾರ ಜೋಡಿ ನಾ ಹೋಗಂಗಿಲ್ರಿ. ನನ್ನ ಹಿಂದ ಬಿಟ್ಟು ಸರಾಸರಾ ನಡದು ಬಿಡತಾರ."