ಅಪ್ಪ ಕಣ್ಣು ತೆರೆದಿರುವ ಫೋಟೋ

ಫೋಟೋ ತೆಗೆಯುವಾಗ ಅಪ್ಪ ಕಣ್ಣು ಮುಚ್ಚುತ್ತಿದ್ದ. ಮದುವೆಯ ಫೋಟೋದಲ್ಲಿಯೂ ಅಷ್ಟೇ. ಪಕ್ಕದಲ್ಲಿ ಅವ್ವ ಸೆಟೆದು ಕೂತಿದ್ದಾಳೆ, ಇವನು ಹಾಯಾಗಿ ನಿದ್ದೆ ಹೋದಂತಿದ್ದಾನೆ. ಕಣ್ಣು ಮುಚ್ಚಿದವರ ಫೋಟೋ ಗೋಡೆಗೆ ಹಾಕಬಾರದೆಂದು ಅವ್ವನ ಹಟ. ನೋಡಿದರೆ ಅವಳ ಎದೆ ಝಲ್ಲೆನ್ನುತ್ತಿತ್ತಂತೆ. ಹಾಗಾಗಿ ಆ ಫೋಟೋ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಬಿದ್ದಿತ್ತು. ಮುಗಳಖೋಡದ ನಮ್ಮ ಪಡಸಾಲೆಯ ಗೋಡೆಯ ಮೇಲೆ ದೇವರಿದ್ದ, ಅಜ್ಜನಿದ್ದ, ಬಹುಮಾನ ಗೆದ್ದ ನಮ್ಮ ಎಮ್ಮೆಯೂ ಇತ್ತು. ಅಪ್ಪ, ಅವ್ವ ಮಾತ್ರ ಇರಲಿಲ್ಲ.

"ನಾವಿಬ್ಬರೂ ಒಮ್ಮೆರ ಆ ಗ್ವಾಡಿ ಮ್ಯಾಲ ಇರಬೇಕವಾ" ಎಂದು ಅವ್ವ ನನ್ನ ಮುಂದೆ ಅನ್ನುತ್ತಲೇ ಇದ್ದಳು.

ನನಗೆ ರಾಯಬಾಗದಲ್ಲಿ ನೌಕರಿ ಸಿಕ್ಕಾಗ ಡಿಜಿಟಲ್ ಕ್ಯಾಮೆರಾ ಕೊಳ್ಳಲು ಅಪ್ಪ, ಅವ್ವ, ನಾನು ಮೂವರೂ ನಿಪ್ಪಾಣಿಗೆ ಹೋದೆವು. ಅಂಗಡಿಯವನು ಮೆಗಾಪಿಕ್ಸೆಲ್ಲು, ಝೂಮು ಎಂದು ಶುರುಮಾಡಿದ. ನನಗೆ ಅದೆಲ್ಲ ಬೇಕಿರಲಿಲ್ಲ.

"ಕಣ್ಣ ಮುಚ್ಚೂದ್ರೊಳಗ ಫೋಟೋ ತಗಿಯೂದು ಯಾವುದೈತ್ರಿ?" ಎಂದು ಕೇಳಿದೆ.

ಅವನು ಖುಷಿಯಾಗಿ ದುಬಾರಿಯದೊಂದನ್ನು ಹೊರತೆಗೆದು ಅಪ್ಪನ ಮುಂದೆ ಹಿಡಿದ. "ಹೆ ಬಘಾ, ಇದನ್ನ ನೋಡ್ರಿ! ಯಾರರ ಕಣ್ಣ ಮುಚ್ಚಿದ್ರ ಇದು ತಾನ ಹೇಳತೈತ್ರಿ ಮಾಲಕ್ರ."

"ಅದನ್ನ ನನ್ನ ಹೇಣತಿ ಪುಕ್ಕಟ ಹೇಳತಾಳ, ಅದಕ್ಯಾಕ ಅಷ್ಟ ರೊಕ್ಕ?" ಅಂದ ಅಪ್ಪ.

ನನ್ನ ತಲೆಗೆ ಹುಳ ಹೊಕ್ಕಿತು. ಇವನು ಯಾಕೆ ಮುಚ್ಚುತ್ತಾನೆ? ಅಂಗಡಿಯಲ್ಲೇ ಆ ಕ್ಯಾಮೆರಾದ ಫ್ಲ್ಯಾಶ್ ಆರಿಸಿ ತೆಗೆದೆ, ಮುಚ್ಚಿದ. ಬಾಗಿಲ ಬೆಳಕಿಗೆ ನಿಲ್ಲಿಸಿದೆ, ಮುಚ್ಚಿದ. ಕೊನೆಗೆ ಕ್ಯಾಮೆರಾವನ್ನೇ ಬಂದ್ ಮಾಡಿ ಹಿಡಿದು "ರೆಡಿ" ಅಂದೆ. ಆಗಲೂ ಮುಚ್ಚಿದ! ತಪ್ಪು ಬೆಳಕಿನದಲ್ಲ, ನನ್ನ "ರೆಡಿ"ಯದು. ನನಗೆ ಕುಣಿಯುವಷ್ಟು ಖುಷಿಯಾಯಿತು.

ಅಷ್ಟರಲ್ಲಿ ಅಂಗಡಿಯವನು ಸೆಲ್ ಹಾಕುವ ಅಗ್ಗದ ಕ್ಯಾಮೆರಾ ಒಂದನ್ನು ಅವ್ವನ ಕೈಗಿತ್ತು, ಗುಂಡಿ ತೋರಿಸಿ, ಆದರೂ ಚಾರ್ಜರಿನದೇ ಒಳ್ಳೆಯದು ಅಂದ. ಅಪ್ಪ ಅವನ ಮೇಲೆ ಹರಿಹಾಯ್ದ. "ನಮ್ಮ ಊರಾಗ ಕರೆಂಟ್ ಯಾವಾಗ ಬರತೈತಿ, ಯಾವಾಗ ಹೊಕ್ಕೈತಿ, ದೇವರಿಗೇ ಗೊತ್ತಿಲ್ಲ! ಸೆಲ್ ಆದ್ರ ಕಿರಾಣಿ ಅಂಗಡ್ಯಾಗೂ ಸಿಗತಾವ!"

ಅವ್ವ ರೆಡಿ ಗಿಡಿ ಏನೂ ಅನ್ನದೆ ಗುಂಡಿ ಒತ್ತಿದಳು. ಹಿಂದಿನ ಪರದೆಯಲ್ಲಿ ಅಪ್ಪನ ಕಣ್ಣು ಅಗಲವಾಗಿ ತೆರೆದಿದ್ದವು. ಅವಳು ಅದನ್ನು ಎಷ್ಟೋ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ, "ಇದರಾಗ ನಾನ ಇಲ್ಲಲಾ" ಅಂದಳು.

"ಕೊಡಿಲ್ಲಿ, ನಿಂದು ನಾ ತಗೀತೀನಿ" ಎಂದು ಅಪ್ಪ ಕ್ಯಾಮೆರಾ ಕಸಿದುಕೊಂಡ. ಗುಂಡಿ ಒತ್ತುವಾಗ ಕ್ಯಾಮೆರಾ ಹಿಡಿದವನೇ ಗಟ್ಟಿಯಾಗಿ ಕಣ್ಣು ಮುಚ್ಚಿದ. ಎದುರಿಗಿದ್ದ ಅವ್ವ ಅದನ್ನು ಕಂಡು ಹೊಟ್ಟೆ ಹಿಡಿದುಕೊಂಡು ನಕ್ಕಳು.

ನಾವು ಸೆಲ್ಲಿನ ಕ್ಯಾಮೆರಾವನ್ನೇ ಕೊಂಡೆವು. ಆ ಎರಡು ಫೋಟೋಗಳನ್ನು ಪ್ರಿಂಟ್ ಮಾಡಿಸಿ ಒಂದೇ ಕಟ್ಟು ಹಾಕಿಸಿ ಮನೆಗೆ ತಂದೆ. ಅಪ್ಪನದರಲ್ಲಿ ಬಾಯಿ ಅರ್ಧ ತೆರೆದಿದೆ, ಇನ್ನೂ ಜಗಳದಲ್ಲಿದ್ದಾನೆ. ಅವ್ವನದು ವಾರೆಯಾಗಿದೆ, ನಗುವಿನಲ್ಲಿ ಅವಳ ಕಣ್ಣು ಪೂರ್ತಿ ಮುಚ್ಚಿವೆ. ಅವಳೇ ಸ್ಟೂಲು ಹತ್ತಿ ಮೊಳೆ ಹೊಡೆದಳು.

"ಅವ್ವಾ, ಕಣ್ಣ ಮುಚ್ಚಿದ್ದು ಹಾಕಬಾರದಂತಿದ್ದಿ?" ಎಂದು ಕೆಣಕಿದೆ.

ಅವಳು ಫೋಟೋವನ್ನೂ, ಕೆಳಗೆ ಸ್ಟೂಲು ಹಿಡಿದು ನಿಂತಿದ್ದ ಅಪ್ಪನನ್ನೂ ನೋಡಿದಳು. ಇಳಿದು ಒಳಗೆ ಹೋದಳು. ಟ್ರಂಕು ತೆರೆದ ಸಪ್ಪಳ ಕೇಳಿತು. ಮದುವೆಯ ಫೋಟೋವನ್ನು ಸೆರಗಿನಿಂದ ಒರೆಸುತ್ತ ಹೊರಗೆ ಬಂದು, "ಇನ್ನೊಂದ ಮೊಳಿ ಕೊಡವಾ" ಅಂದಳು.