ಟಬ್ಬಿನ ಪೈಪಿಗೆ ಕಟ್ಟಿದ ಬಿಳಿ ಟವಲು

ಹೋದ ವರ್ಷ ಏಪ್ರಿಲ್‌ನಲ್ಲಿ, ಶಾಲೆಗಳಿಗೆ ರಜೆ ಬಿಟ್ಟ ಹೊಸದರಲ್ಲಿ ನಡೆದದ್ದು ಇದು. ಚಿಕ್ಕಬಳ್ಳಾಪುರದ ಹತ್ತಿರ ಬೆಟ್ಟದ ಬುಡದಲ್ಲಿರುವ ಒಂದು ಹೋಂಸ್ಟೇಗೆ ನಾನು ಕೆಲಸಕ್ಕೆ ಸೇರಿ ಒಂಬತ್ತು ದಿನವಾಗಿತ್ತು. ಇಂಟರ್‌ವ್ಯೂ ದಿನ ಮಾಲೀಕರಾದ ಸರೋಜ ಮೇಡಂ, "ಜಕೂಜಿ ನೋಡ್ಕೊಳ್ಳೋಕೆ ಬರುತ್ತೇನಪ್ಪ?" ಎಂದು ಕೇಳಿದ್ದರು. "ಎರಡು ವರ್ಷ ಅನುಭವ ಐತೆ ಮೇಡಂ" ಎಂದಿದ್ದೆ. ಗೌರಿಬಿದನೂರಿನ ನಮ್ಮ ಮನೆಯ ನೀರಿನ ಸಂಪಿನೊಳಗೆ ಇಳಿದು ವರ್ಷಕ್ಕೊಂದು ಸಲದಂತೆ ಎರಡು ವರ್ಷ ಪೊರಕೆಯಲ್ಲಿ ಉಜ್ಜಿದ್ದೆ. ಲೆಕ್ಕವೇನೂ ತಪ್ಪಿರಲಿಲ್ಲ.

ಜಕೂಜಿ ಎಂದರೆ ಆರು ಜನ ಕೂರುವಷ್ಟು ದೊಡ್ಡ ಬಿಸಿನೀರಿನ ತೊಟ್ಟಿ. ಸುತ್ತ ಚೂರು ಹೊರಚಾಚಿದ ಹದಿನಾಲ್ಕು ಪೈಪಿನ ತೂತುಗಳಿಂದ ನೀರು ಜೋರಾಗಿ ನುಗ್ಗಿ ಬಂದು ಮೈ ಒತ್ತುತ್ತದೆ. ನಮ್ಮದರ ಪಂಪು ಕೆಟ್ಟು ಎಂಟು ತಿಂಗಳು ಸುಮ್ಮನೆ ಬಿದ್ದಿತ್ತು. ರಿಪೇರಿಯಾದ ವಾರವೇ ಚಿಂತಾಮಣಿಯಿಂದ ಒಂದು ಫೋನ್ ಬಂತು. ಮಾತಾಡಿದವಳು ಸಹನಾ ಎಂಬ ಪಿಯುಸಿ ಹುಡುಗಿ. ಸ್ಕೂಟರಿನಿಂದ ಬಿದ್ದು ಕಾಲಿಗೆ ಆಪರೇಷನ್ ಆಗಿತ್ತಂತೆ. ಬಿಸಿನೀರಿನಲ್ಲಿ ಕೂತು ಮಂಡಿ ಮಡಚುವುದನ್ನು ಅಭ್ಯಾಸ ಮಾಡಬೇಕಂತೆ. ಶನಿವಾರ ಅಪ್ಪ ಅಮ್ಮನ ಜೊತೆ ಬರುವವಳಿದ್ದಳು.

"ಅಣ್ಣ, ನೀರು ಕ್ಲೀನಾಗಿರುತ್ತಲ್ವಾ? ಹೊಲಿಗೆ ಒಣಗಿ ಈಗಷ್ಟೇ ಹದಿನೈದು ದಿನ. ಇನ್‌ಫೆಕ್ಷನ್ ಆದ್ರೆ ಮತ್ತೆ ಆಪರೇಷನ್ ಅಂತ ಡಾಕ್ಟ್ರು ಹೆದರ್ಸವ್ರೆ."

"ಅಯ್ಯೋ, ಬೇಕಾದ್ರೆ ಕುಡೀಬೋದಮ್ಮ, ಅಂಗಿರುತ್ತೆ" ಎಂದೆ.

ಗುರುವಾರ ಬೆಳಿಗ್ಗೆ ಟಬ್ಬನ್ನು ಉಜ್ಜಿದೆ. ನನ್ನ ಮುಖ ನನಗೇ ಕಾಣುವಷ್ಟು ಹೊಳೆಯಿತು. ಪಕ್ಕದಲ್ಲಿ ನಿಂತು ಸೆಲ್ಫಿ ತೆಗೆದು, 'ಜಕೂಜಿ ಸ್ಪೆಷಲಿಸ್ಟ್' ಎಂದು ಸ್ಟೇಟಸ್ ಹಾಕಿ, ನೀರು ತುಂಬಿಸಿ, ಬಟನ್ ಒತ್ತಿದೆ. ತೂತುಗಳು ಮೊದಲು ಮುದುಕರಂತೆ ಕೆಮ್ಮಿದವು. ಆಮೇಲೆ ಹದಿನಾಲ್ಕೂ ಕಡೆಯಿಂದ ಕರಿ ಎಳ್ಳಿನ ಪುಡಿಯಂಥದ್ದು, ಅದರ ಹಿಂದೆ ಬೆಂಡೆಕಾಯಿ ಲೋಳೆಯಂಥದ್ದು ಬರತೊಡಗಿತು. ನಾನು ತೊಳೆದದ್ದು ಹೊರಗಿನ ತೊಟ್ಟಿಯನ್ನು ಮಾತ್ರ. ಒಳಗಿನ ಪೈಪುಗಳಲ್ಲಿ ಎಂಟು ತಿಂಗಳ ಪಾಚಿ ಸಂಸಾರ ಹೂಡಿ ಮೊಮ್ಮಕ್ಕಳನ್ನೂ ಕಂಡಿತ್ತು.

ಸ್ಪೆಷಲಿಸ್ಟ್ ಯೋಚನೆ ಮಾಡಿದ. ಅರ್ಧ ಪ್ಯಾಕೆಟ್ ಬಟ್ಟೆ ಸೋಪಿನ ಪುಡಿ ಸುರಿದ.

ನೊರೆ ಮೊದಲು ಮೊಣಕಾಲಿಗೆ ಬಂತು, ಆಮೇಲೆ ಎದೆಗೆ. ಆಫ್ ಬಟನ್ ಎಲ್ಲಿದೆ ಎಂದು ನೊರೆಯೊಳಗೆ ಕೈಯಾಡಿಸಿದರೆ ಲೈಟಿನ ಬಟನ್ ಸಿಕ್ಕಿತು. ಇಡೀ ನೊರೆ ಗುಲಾಬಿಯಾಯಿತು, ನೀಲಿಯಾಯಿತು, ಹಸಿರಾಯಿತು. ಮದುವೆ ಸ್ಟೇಜಿನ ಮೇಲೆ ಗಂಡು ನಾನೊಬ್ಬನೇ ನಿಂತಂತಿತ್ತು. ಕೊನೆಗೆ ಮೇನ್ ಸ್ವಿಚ್ಚೇ ಆರಿಸಿ, ನೀರನ್ನೆಲ್ಲ ಹೊರಗೆ ಬಿಟ್ಟು, ಮೇಡಂಗೆ ಕಾಣದಿರಲೆಂದು ಕಿಟಕಿ ಬಾಗಿಲು ಮುಚ್ಚಿಕೊಂಡೆ. ಮತ್ತೆ ನೀರು ತುಂಬಿಸಿ ಸ್ಟೋರಿನಲ್ಲಿದ್ದ ಬ್ಲೀಚಿಂಗ್ ಪೌಡರ್ ಸುರಿದೆ. ಒಂದರಿಂದ ಆಗದ್ದು ಎರಡರಿಂದ ಆದೀತು ಎಂದು ಟಾಯ್ಲೆಟ್ ತೊಳೆಯುವ ಆಸಿಡ್ ಬಾಟಲಿ ಎತ್ತಿಕೊಂಡು ಮುಚ್ಚಳ ತಿರುಗಿಸಿದೆ.

ಆಗ ಯಾರೋ ಬಾಗಿಲು ತಳ್ಳಿಕೊಂಡು ಒಳಗೆ ಬಂದರು. ನಮ್ಮ ಕೆಳಗಿನ ದ್ರಾಕ್ಷಿ ತೋಟದ ಮುನಿಶಾಮಣ್ಣ. ಅರವತ್ತು ದಾಟಿದವರು, ಕೋಪ ಬಂದರೆ ತೆಲುಗಿಗೆ ಇಳಿಯುವವರು.

"ಏಂದ್ರಾ ಇದಿ? ನನ್ನ ತೋಟದಾಗೆ ಹಿಮ ಬಿದ್ದಂಗೈತೆ. ದ್ರಾಕ್ಷಿಗೆ ಸೋಪು ಹಚ್ಚಿ ಸ್ನಾನ ಮಾಡಿಸ್ತಿದೀಯಾ?"

ನಾನು ಬಿಟ್ಟ ನೊರೆ ನೀರು ಮೋರಿ ಹಿಡಿದು ಅವರ ತೋಟಕ್ಕೆ ಇಳಿದಿತ್ತು. ಇನ್ನೂ ಬಯ್ಯುವವರಿದ್ದರು. ಅಷ್ಟರಲ್ಲಿ ಅವರ ಮೂಗಿಗೆ ಬ್ಲೀಚಿಂಗ್ ವಾಸನೆ ಬಡಿಯಿತು, ನನ್ನ ಕೈಯಲ್ಲಿದ್ದ ಬಾಟಲಿ ಕಂಡಿತು. ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಮುಚ್ಚಳ ಹಾಕು. ಮೊದ್ಲು ಮುಚ್ಚಳ ಹಾಕಪ್ಪ."

ಹಾಕಿದೆ. ನನ್ನನ್ನು ಹೊರಗೆಳೆದುಕೊಂಡು ಹೋಗಿ ಹೊಂಗೆ ಮರದ ಕೆಳಗೆ ಕೂರಿಸಿದರು.

"ನಮ್ಮಣ್ಣ ಪಂಪ್ ಮನೆಯಾಗೆ ಹಿಂಗೇ ಎರಡೂ ಬೆರೆಸಿದ. ಅದರಿಂದ ಏಳೋ ಗಾಳಿ ಕುಡಿದು ಬಿದ್ದ. ಉಳ್ಕಂಡ, ಆದ್ರೆ ಇವತ್ತಿಗೂ ನಾಲ್ಕು ಮೆಟ್ಲು ಹತ್ತೋಕಾಗಲ್ಲ. ನೀನು ಕಿಟಕೀನೂ ಮುಚ್ಕಂಡಿದೀಯಲ್ಲೋ."

ಯಾಕೆ ಇಷ್ಟು ಅವಸರ ಎಂದು ಅವರು ಕೇಳಿದಾಗ ಸಹನಾಳ ವಿಷಯವನ್ನೂ, ಸಂಪಿನ ವಿಷಯವನ್ನೂ ಹೇಳಿಬಿಟ್ಟೆ.

"ಹೋಗಿ ನಿಮ್ಮ ಮೇಡಂಗೆ ಹೇಳು. ಆಮೇಲೆ ತೊಳಿಯಾಣ."

"ಕೆಲಸ ಹೋಗುತ್ತಣ್ಣ."

"ಕೆಲಸ ಹೋದ್ರೆ ನಮ್ಮ ತೋಟಕ್ಕೆ ಬಾ. ಆ ಮಗೀಗೆ ಕಾಲು ಹೋದ್ರೆ ಎಲ್ಲಿಗೆ ಹೋಗ್ತದೆ?"

ಮೇಡಂ ಎಲ್ಲವನ್ನೂ ಕೇಳಿ, "ಮತ್ತೆ ಎರಡು ವರ್ಷದ ಅನುಭವ ಎಲ್ಲಿದು?" ಎಂದರು. "ಸಂಪಲ್ಲಿ ಮೇಡಂ" ಎಂದೆ. ಅವರು ಆ ಕಡೆ ತಿರುಗಿಕೊಂಡರು. ಭುಜ ಅಲುಗುತ್ತಿತ್ತು. ಸಿಟ್ಟಿಗೋ ನಗುವಿಗೋ ಇವತ್ತಿಗೂ ಗೊತ್ತಿಲ್ಲ. ತಿರುಗಿ ಹೇಳಿದ್ದು ಇಷ್ಟೇ: "ನಾಳೆ ಸಾಯಂಕಾಲದೊಳಗೆ ಸರಿಯಾಗದಿದ್ರೆ, ಬರಬೇಡ ಅಂತ ಆ ಹುಡುಗಿಗೆ ನೀನೇ ಫೋನ್ ಮಾಡಬೇಕು."

ಮುನಿಶಾಮಣ್ಣನಿಗೆ ಜಕೂಜಿ ಗೊತ್ತಿರಲಿಲ್ಲ, ಡ್ರಿಪ್ ಪೈಪು ಗೊತ್ತಿತ್ತು. ತೋಟದ ಪೈಪುಗಳೂ ಒಳಗೆ ಹೀಗೇ ಲೋಳೆ ಕಟ್ಟುತ್ತವಂತೆ. "ಉಪ್ಪು ಕಟ್ಟಿದ್ರೆ ಆಸಿಡ್ಡು, ಲೋಳೆ ಕಟ್ಟಿದ್ರೆ ಬ್ಲೀಚಿಂಗು. ಎರಡನ್ನೂ ಒಂದೇ ದಿನ ಮುಟ್ಟಲ್ಲ ನಾವು" ಎಂದು ಆಸಿಡ್ ಬಾಟಲಿಯನ್ನು ಎತ್ತಿಟ್ಟುಬಿಟ್ಟರು. ಕಿಟಕಿ ಬಾಗಿಲು ಪೂರ್ತಿ ತೆರೆದು, ವಾಸನೆ ಹೋದ ಮೇಲೆ ಟಬ್ಬು ಖಾಲಿ ಮಾಡಿದೆವು. ಅವರ ತೋಟದಿಂದ ಉದ್ದನೆಯ ಪೈಪು ತಂದು, ನೀರು ದ್ರಾಕ್ಷಿಯ ಕಡೆ ಹೋಗದಂತೆ ಇಂಗುಗುಂಡಿಗೆ ತಿರುಗಿಸಿದರು. ಫಿಲ್ಟರ್ ಹೊರಗೆ ತೆಗೆದೆವು. ಅದರ ವಾಸನೆಗೆ ನನ್ನ ಹಾಸ್ಟೆಲ್ ದಿನಗಳ ಸಾಕ್ಸು ನೆನಪಾದವು. ಮೇಡಂ ಹೊಸದನ್ನು ತರಿಸಿದರು. ಬ್ಲೀಚಿಂಗ್ ಪುಡಿಯನ್ನು ಬಕೆಟ್ಟಿನಲ್ಲಿ ಕರಗಿಸಿ, ಗಷ್ಟು ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ಟಬ್ಬಿನ ನೀರಿಗೆ ಹುಯ್ದೆವು. ಪಂಪು ಓಡಿಸಿ, ನಿಲ್ಲಿಸಿ, ನೆನೆಯಲು ಬಿಟ್ಟು, ಮತ್ತೆ ಓಡಿಸಿದೆವು. ನೀರು ರಾಗಿ ಗಂಜಿಯಂತಾಯಿತು. ನಾನು ತಲೆ ಮೇಲೆ ಕೈ ಹೊತ್ತರೆ ಅವರು ಖುಷಿಯಾಗಿದ್ದರು.

"ಬರ್ಲಿ ಬುಡು. ಹೊಲಸು ಒಳಗಿದ್ರೆ ಭಯ, ಹೊರಗೆ ಬಂದ್ರೆ ಏನು ಭಯ?"

ಅದನ್ನು ಖಾಲಿ ಮಾಡಿ, ಒಳ್ಳೆಯ ನೀರು ತುಂಬಿಸಿದ ಮೇಲೆ ಅವರು ಹೆಗಲ ಮೇಲಿದ್ದ ಬಿಳಿ ಟವಲು ತೆಗೆದು ಒಂದು ತೂತಿನ ಬಾಯಿಗೆ ಬಿಗಿಯಾಗಿ ಕಟ್ಟಿದರು. ಡ್ರಿಪ್ ಪೈಪಿನ ತುದಿಗೆ ಅವರು ಹೀಗೇ ಬಿಳಿ ಬಟ್ಟೆ ಕಟ್ಟಿ ನೋಡುತ್ತಾರಂತೆ. ಕಣ್ಣಿಗೆ ಕಾಣದ್ದು ಬಟ್ಟೆಗೆ ಕಾಣುತ್ತದಂತೆ. ಪಂಪು ಓಡಿಸಿ ಬಿಚ್ಚಿದರೆ ಟವಲು ಕಪ್ಪಗಿತ್ತು. ಸಂಕ್ರಾಂತಿಗೆ ಮಗಳು ಕೊಟ್ಟ ಟವಲು ಅದು. ಅವರು ಅದನ್ನು ಒಗೆದು ಹಿಂಡಿ, "ಇನ್ನೊಂದು ಸಲ" ಎಂದರು. ಶುಕ್ರವಾರ ಬೆಳಿಗ್ಗೆ ಟವಲಿಗೆ ಟೀ ಬಣ್ಣ ಬಂತು, ಮಧ್ಯಾಹ್ನ ಮಜ್ಜಿಗೆ ಬಣ್ಣ. ಸಾಯಂಕಾಲ ಹದಿಮೂರು ತೂತುಗಳಲ್ಲಿ ಟವಲು ಬೆಳ್ಳಗೇ ಉಳಿಯಿತು. ಹದಿನಾಲ್ಕನೆಯದು ಸೀಟಿನ ಹಿಂದೆ, ಕೈಗೆಟುಕದ ಮೂಲೆಯಲ್ಲಿತ್ತು.

"ಅದ್ಯಾರಿಗೆ ಗೊತ್ತಾಗುತ್ತೆ ಅಣ್ಣ" ಎಂದೆ. ಅವರು ಟವಲನ್ನು ನನ್ನ ಕೈಗೆ ಕೊಟ್ಟರು. ನಾನು ಹೊಟ್ಟೆ ಮೇಲೆ ಮಲಗಿ ಕಟ್ಟಿದೆ. ಟವಲು ಕಂದಾಯಿತು. ಇನ್ನೊಂದು ಸುತ್ತು ಮಾಡಿದೆವು. ಆಮೇಲೆ ಬಿಳಿ.

ಶನಿವಾರ ಸಹನಾ ಊರುಗೋಲು ಹಿಡಿದು ಬಂದಳು. "ಅಣ್ಣ, ಕುಡೀಬೋದು ಅಂದಿದ್ರಲ್ಲ, ಎಲ್ಲಿ ನೀವು ಒಂದು ಗುಟುಕು ಕುಡೀರಿ ನೋಡಾಣ" ಎಂದಳು. "ಕುಡಿಯೋದು ಬೇಡಮ್ಮ, ಇದನ್ನ ನೋಡು" ಎಂದು ಸೀಟಿನ ಹಿಂದಿನ ಅದೇ ತೂತಿಗೆ ಟವಲು ಕಟ್ಟಿ, ಬಿಚ್ಚಿ ತೋರಿಸಿದೆ. ಅವಳು ನೀರಿಗಿಳಿದು, ಹಲ್ಲು ಕಚ್ಚಿ, ಮಂಡಿಯನ್ನು ಸ್ವಲ್ಪ ಸ್ವಲ್ಪವೇ ಮಡಚಿದಳು. ಅವಳಪ್ಪ ಗೋಡೆಯಲ್ಲಿ ಏನೋ ಬರೆದಿದೆ ಎಂಬಂತೆ ಆ ಕಡೆ ತಿರುಗಿ ನಿಂತುಬಿಟ್ಟರು. ಹದಿನೈದು ದಿನ ಬಿಟ್ಟು ಅವಳೇ ಫೋನ್ ಮಾಡಿ, ಗಾಯಕ್ಕೆ ಏನೂ ಆಗಿಲ್ಲ, ಮತ್ತೆ ಬರ್ತೀವಿ ಎಂದಳು. ಮೇಡಂ ನನ್ನನ್ನು ಕರೆದು, "ಈಗ ಬರ್ಕೋ, ಎರಡು ದಿನ ಅನುಭವ" ಎಂದರು.

ಮುನಿಶಾಮಣ್ಣನಿಗೆ ಹೊಸ ಟವಲು ಕೊಟ್ಟೆ. ಹಳೆಯದು ನನ್ನ ಹತ್ತಿರವೇ ಇದೆ, ಪ್ರತಿ ವಾರ ಹದಿನಾಲ್ಕೂ ಬಾಯಿಗೆ ಕಟ್ಟುತ್ತೇನೆ. ಅವರು ಅವತ್ತು ನನ್ನನ್ನು ಕಾಪಾಡಲು ಬಂದವರಲ್ಲ, ಜಗಳಕ್ಕೆ ಬಂದವರು. ನಾನು ಸೋಪಿನ ಪುಡಿ ಸುರಿಯುವಷ್ಟು ದಡ್ಡನಾಗಿರದಿದ್ದರೆ ಅವರು ಬರುತ್ತಲೇ ಇರಲಿಲ್ಲ. ಭಾನುವಾರಗಳಂದು ಅವರ ಮನೆಗೆ ಹೋಗುತ್ತೇನೆ. ಅವರ ಅಣ್ಣ ಜಗಲಿಯ ಮೇಲೆ ಕೂತಿರುತ್ತಾರೆ. ನನ್ನ ನೊರೆಯ ಕತೆಯನ್ನು ಪ್ರತಿ ಸಲ ಹೇಳಿಸಿಕೊಂಡು ನಗುತ್ತಾರೆ. ನಗು ಅರ್ಧಕ್ಕೆ ಬಂದಾಗ ನಿಲ್ಲಿಸಿ, ಎದೆ ಹಿಡಿದುಕೊಂಡು, ಉಸಿರಿಗೆ ಕಾಯುತ್ತಾರೆ. ಆಗ ನಾನೂ ಕತೆ ನಿಲ್ಲಿಸಿ, ನನ್ನ ಉಸಿರನ್ನು ಒಂದು ಸಲ ಪೂರ್ತಿಯಾಗಿ ಎಳೆದುಕೊಳ್ಳುತ್ತೇನೆ.