ಯಾರನ್ನೂ ದಾಟಬಾರದ ಓಟ

ನಮ್ಮತ್ತಿಗೆ ಕೂತು ಇಸ್ತ್ರಿ ಮಾಡುವುದನ್ನು ನೋಡಿದವರಿಗೆ ಮಾತ್ರ ನಾನು ಹೇಳುವುದು ಅರ್ಥವಾದೀತು. ನಮ್ಮದು ಲಾಂಡ್ರಿ ಅಂಗಡಿ. ಗಿರಾಕಿಗಳ ಜೊತೆ ಬಾಯಿ ಮಾಡುವ ಕೆಲಸ ನನ್ನದು, ಇಸ್ತ್ರಿ ಅವಳದು. ಮೊದಲೆಲ್ಲ ಮೇಜಿನ ಮುಂದೆ ನಿಂತೇ ಕೆಲಸ ಮಾಡುತ್ತಿದ್ದಳು. ಕಾಲರಿಗೊಂದು ಹೆಜ್ಜೆ, ತೋಳಿಗೊಂದು ಹೆಜ್ಜೆ. ನಿಂತಲ್ಲಿ ನಿಲ್ಲುವ ಹೆಣ್ಣೇ ಅಲ್ಲ. ಬಲಗಾಲಿನ ಹಿಮ್ಮಡಿಯ ಮೇಲಿನ ನರ ಹರಿದ ಮೇಲೆ ಎತ್ತರದ ಸ್ಟೂಲು ಬಂತು, ಕಾಲಿಡಲು ಬೋರಲು ಹಾಕಿದ ಬಕೆಟ್ಟು ಬಂತು. ಕೈ ಶರಟಿನ ಮೇಲೆ, ಕಣ್ಣು ಕಿಟಕಿಯಾಚೆಯ ಬೆಟ್ಟದ ಮೇಲೆ. ಎಷ್ಟು ಶರಟು ಸೀದವೋ ದೇವರೇ ಬಲ್ಲ, ಬೈಸಿಕೊಂಡವಳು ನಾನು.

ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚು. ಗಂಟೆ ಹೊಡೆದ ಮೇಲೆ ಏದುಸಿರು ಬಿಡುತ್ತ ಬರುವವಳು ನಾನು, ಗಂಟೆಗೆ ಮೊದಲೇ ಬಂದು ಮೈದಾನ ಸುತ್ತುವವಳು ಅವಳು. ಮುಂದೆ ನಮ್ಮಣ್ಣನನ್ನು ಕಟ್ಟಿಕೊಂಡು ಅತ್ತಿಗೆಯಾದಳು, ಆದರೆ ಬಹುವಚನ ನನ್ನ ಬಾಯಿಗೆ ಹತ್ತಲೇ ಇಲ್ಲ. ಊರಿನವರು ಅವಳಿಗೆ ಎಕ್ಸ್‌ಪ್ರೆಸ್ ಎಂದು ಹೆಸರಿಟ್ಟಿದ್ದರು. ವರ್ಷಕ್ಕೊಮ್ಮೆ ಇಲ್ಲಿ ಬೆಟ್ಟದ ಓಟ ನಡೆಯುತ್ತದೆ. ಕಲ್ಲು, ಬೇರು, ಕೊರಕಲಿನ ಕಾಲುದಾರಿಯಲ್ಲಿ ಹತ್ತಿ ಆ ಕಡೆಯಿಂದ ಇಳಿದು ಬರಬೇಕು. ಹೆಂಗಸರಲ್ಲಿ ಯಾವಾಗಲೂ ಅವಳೇ ಮೊದಲು, ಗಂಡಸರಲ್ಲೂ ಅರ್ಧಕ್ಕರ್ಧ ಜನ ಅವಳ ಬೆನ್ನು ನೋಡಿದವರೇ.

ಅಂಥವಳು ಬಿದ್ದದ್ದೆಲ್ಲಿ? ಬೆಟ್ಟದಲ್ಲಲ್ಲ, ಅಂಗಡಿಯ ಮೆಟ್ಟಿಲಲ್ಲಿ, ಯಾವುದೋ ಲಾಡ್ಜಿನ ಬೆಡ್‌ಶೀಟಿನ ಗಂಟು ಹೊತ್ತು ಇಳಿಯುವಾಗ. ಆಪರೇಷನ್ ಆಗಿ, ಕಟ್ಟು ಬಿಚ್ಚಿ, ಕೋಲು ಬಿಟ್ಟು ನಡೆಯುವಷ್ಟಾದಾಗ ಎದುರು ಹೋಟೆಲಿನವನು, "ಎಕ್ಸ್‌ಪ್ರೆಸ್ಸು ಈಗ ಪ್ಯಾಸೆಂಜರ್ ಆಯ್ತಲ್ಲಮ್ಮಾ!" ಎಂದು ನಕ್ಕ. ಅವಳೂ ನಕ್ಕಳು. ಆಮೇಲೆ ಒಳಗೆ ಹೋಗಿ ಬಟ್ಟೆ ಗಂಟುಗಳ ಹಿಂದೆ ಕೂತು ಅತ್ತಳು. ಆ ಹೋಟೆಲಿನವನ ಮೇಜಿನ ಬಟ್ಟೆಗಳನ್ನು ನಾನು ಬೇಕೆಂದೇ ತಡ ಮಾಡಿ ಕೊಟ್ಟೆ.

ಡಾಕ್ಟರು ಹೇಳಿದ್ದು ಇಷ್ಟೇ: "ನರ ಕೂಡಿದೆ. ಎಷ್ಟು ಬೇಕಾದ್ರೂ ನಡೀರಿ. ಓಟದ ವಿಷ್ಯ ನಿಧಾನವಾಗಿ ನೋಡೋಣ. ಇನ್ನೊಂದ್ಸಲ ಹರಿದ್ರೆ ಮಾತ್ರ ಓಟ ಮರೆತುಬಿಡಿ." ನಮ್ಮಣ್ಣ ಪುಕ್ಕಲ. ಅವನ ಕಿವಿಗೆ ಬಿದ್ದದ್ದು ಕಡೆಯ ಮಾತೊಂದೇ. ಬಸ್ಸು ಹಿಡಿಯಲು ಅವಳು ಸ್ವಲ್ಪ ಬೀಸುಗಾಲು ಹಾಕಿದರೂ "ಏಯ್, ನಿಧಾನ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದ.

"ಇನ್ನು ಆ ಬೆಟ್ಟ ಓಡ್ತೀನೋ ಇಲ್ವೋ, ಅದೊಂದು ಗೊತ್ತಾದ್ರೆ ಸಾಕು ಕಣೇ," ಎನ್ನುತ್ತಿದ್ದಳು ನನ್ನ ಹತ್ತಿರ. "ಇಲ್ಲ ಅಂದ್ರೆ ಒಂದಿನ ಕೂತು ಅತ್ತು ಸುಮ್ನಾಗ್ತೀನಿ. ಆದ್ರೆ ಇವರು ಬಿಡಬೇಕಲ್ಲ? ಒಂದೇ ಒಂದ್ಸಲ ಬಿಟ್ರೆ ತೋರಿಸ್ತಿದ್ದೆ."

ಈ ವರ್ಷದ ಓಟ ಹತ್ತಿರ ಬಂದಾಗ, ಅದನ್ನು ನಡೆಸುವ ಡ್ರಿಲ್ ಮೇಷ್ಟ್ರು ಅಂಗಡಿಗೆ ಬಂದು ಒಂದು ಉಪಾಯ ಹೇಳಿದರು. ಎಲ್ಲರಿಗಿಂತ ಹಿಂದೆ ಒಬ್ಬರು ನಡೆದು ಬರಬೇಕಂತೆ. ದಾರಿ ಗೊತ್ತಾಗಲೆಂದು ಗಿಡಗಳಿಗೆ ಕಟ್ಟಿದ ಕೆಂಪು ರಿಬ್ಬನ್ನುಗಳನ್ನು ಬಿಚ್ಚಿಕೊಂಡು, ಯಾರೂ ಬೆಟ್ಟದಲ್ಲೇ ಉಳಿಯದಂತೆ ನೋಡಿಕೊಳ್ಳಬೇಕಂತೆ. ನಿಯಮ ಒಂದೇ, ಯಾರನ್ನೂ ದಾಟುವಂತಿಲ್ಲ. ಗೆಲ್ಲುತ್ತಿದ್ದವಳಿಗೆ ಎಂಥ ಕೆಲಸ ನೋಡಿ! ನನಗೆ ಮೇಷ್ಟ್ರ ಮೇಲೆ ಸಿಟ್ಟು ನೆತ್ತಿಗೇರಿತು. ಅವಳು ಅವರ ಮಾತು ಮುಗಿಯುವ ಮೊದಲೇ ಹೂಂ ಎಂದಾಗಿತ್ತು.

"ಕುಂಟನಿಗೆ ಎಂಟು ಚೇಷ್ಟೆ," ಎಂದು ಅಮ್ಮ ಗೊಣಗಿದಳು. ಅಣ್ಣ ಒಂದು ಷರತ್ತು ಹಾಕಿದ, ಕಾವಲಿಗೆ ನಾನು ಜೊತೆಗಿರಬೇಕು ಎಂದು. "ಅವಳು ಓಡೋಕೆ ಹೊರಟ್ರೆ ಕೈ ಹಿಡಿದು ನಿಲ್ಸು. ಮಾತು ಕೊಡು," ಎಂದ. ಕೊಟ್ಟೆ.

ದೂರದ ಬೆಟ್ಟ ನುಣ್ಣಗೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಅರ್ಧ ಹತ್ತುವಷ್ಟರಲ್ಲಿ ನನ್ನ ಪ್ರಾಣ ಬಾಯಿಗೆ ಬಂದಿತ್ತು. ನಮ್ಮ ಮುಂದೆ, ಎಲ್ಲರಿಗಿಂತ ಕಡೆಯವನಾಗಿ, ಬ್ಯಾಂಕಿನ ಕ್ಯಾಷಿಯರ್ ಒಬ್ಬ ಹತ್ತುತ್ತಿದ್ದ. ನನ್ನಷ್ಟೇ ದಪ್ಪ. ಗಳಿಗೆಗೊಮ್ಮೆ ನಿಂತು ಸೊಂಟ ಹಿಡಿದುಕೊಳ್ಳುತ್ತಿದ್ದ. ನನಗೆ ಅವನ ಮೇಲೆ ಅಕ್ಕರೆಯೇ ಬಂತು. ಅತ್ತಿಗೆಗೆ ಅವನು ಕಾಣಿಸುತ್ತಲೇ ಇರಲಿಲ್ಲ. ಮೇಲಿನ ತಿರುವುಗಳಿಂದ ಓಡುವವರ ಬೂಟಿನ ಸದ್ದು, ಕಲ್ಲು ಉರುಳುವ ಸದ್ದು, ಯಾರೋ ಯಾರನ್ನೋ ಹುರಿದುಂಬಿಸುವ ಕೂಗು ಬರುತ್ತಿತ್ತು. ಅವಳು ರಿಬ್ಬನ್ನಿನ ಗಂಟಿನ ಮೇಲೆ ಬೆರಳಿಟ್ಟು ಹಾಗೇ ನಿಂತುಬಿಡುತ್ತಿದ್ದಳು. ಸದ್ದು ಸಣ್ಣದಾಗುತ್ತ ಹೋಗಿ ಕೊನೆಗೆ ಇಲ್ಲವೇ ಆಯಿತು. ಅವಳ ಮುಖ ನೋಡಲಾರದೆ ನಾನು ಲೇಸು ಕಟ್ಟುವವಳಂತೆ ಬಗ್ಗಿದೆ.

"ಈ ಬಂಡೆ ಮೇಲೆ ಪಾಚಿ ಇದೆ ಅಂತಾನೇ ನಂಗೆ ಗೊತ್ತಿರ್ಲಿಲ್ಲ," ಎಂದಳು. "ಇಲ್ಲಿ ಯಾವತ್ತೂ ನಿಂತೋಳೇ ಅಲ್ಲ."

"ಈಗ ಗೊತ್ತಾಯ್ತಲ್ಲ, ಒಳ್ಳೇದೇ ಆಯ್ತು."

"ಏನು ಒಳ್ಳೇದು? ಗೊತ್ತಾಗೋದು ಬೇಕಿರ್ಲಿಲ್ಲ ಕಣೇ."

ನೆತ್ತಿಯಲ್ಲಿ ನೀರು ಕೊಡುವ ಕಡೆ ಕೂತ ಕ್ಯಾಷಿಯರ್ ಮತ್ತೆ ಏಳಲಿಲ್ಲ. "ಇನ್ನು ನನ್ನ ಕೈಲಾಗಲ್ಲ ತಾಯಿ," ಎಂದು ನೀರು ತಂದಿದ್ದ ಜೀಪು ಹತ್ತಿದ. ಉಳಿದವರೆಲ್ಲ ಆಗಲೇ ಕೆಳಗಿಳಿದಾಯಿತು ಎಂದು ನೀರು ಕೊಡುವವರು ಹೇಳಿದರು. ಇನ್ನು ಬರೀ ಇಳಿಜಾರು, ಮುಂದೆ ಒಂದು ನರಪಿಳ್ಳೆಯೂ ಇಲ್ಲ. ದಾಟಬಾರದು ಎನ್ನಲು ಈಗ ದಾಟುವುದಕ್ಕೇ ಯಾರೂ ಇರಲಿಲ್ಲ.

ಅತ್ತಿಗೆ ನನ್ನ ಮುಖ ನೋಡಿದಳು. ಬಾಯಿ ಬಿಟ್ಟು ಕೇಳಲಿಲ್ಲ. ಕೇಳಿದ್ದರೆ ಬೈದು ಸುಮ್ಮನಾಗಿಸುತ್ತಿದ್ದೆ. ಹಸಿದ ಮಗು ಇನ್ನೊಬ್ಬರ ತಟ್ಟೆ ನೋಡಿದಂತೆ ನೋಡಿದರೆ ನಾನಾದರೂ ಏನು ಮಾಡಲಿ?

"ಹಾಳಾಗಿ ಹೋಗು," ಎಂದೆ. "ಹತ್ತೇ ಹತ್ತು ಹೆಜ್ಜೆ. ಆಮೇಲೆ ನಿಲ್ಬೇಕು." ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು.

ಅವಳು ರಿಬ್ಬನ್ನಿನ ಚೀಲ ನನ್ನ ಕೈಗಿಟ್ಟಳು. ಕೂದಲು ಬಿಗಿದು ಕಟ್ಟಿ ಮುಂದಕ್ಕೆ ವಾಲಿದಳು. ಹೊರಡಲಿಲ್ಲ. ಮತ್ತೆ ವಾಲಿದಳು. ಎರಡು ಹೆಜ್ಜೆ ಓಡಿ ಗಿಡವೊಂದನ್ನು ಗಟ್ಟಿಯಾಗಿ ಹಿಡಿದು ನಿಂತುಬಿಟ್ಟಳು.

"ಅಯ್ಯೋ, ನೋವಾಯ್ತಾ?"

"ನೋವಿಲ್ಲ. ಕಾಲು ಸರಿಯಾಗೇ ಇದೆ." ಗಿಡ ಬಿಡದೆಯೇ ಹಿಮ್ಮಡಿ ಸವರಿಕೊಂಡಳು. "ನಂಗೇ ಭಯ ಕಣೇ. ಕಾಲು ಊರೋ ಮೊದ್ಲೇ ಅದು ಹರಿಯೋ ಸದ್ದು ಕೇಳುತ್ತೆ. ಇಷ್ಟು ದಿನ ಅವರು ಬಿಡಲ್ಲ, ಇವರು ಬಿಡಲ್ಲ ಅಂತ ಎಲ್ರನ್ನೂ ಬೈಕೊಂಡೆ. ಈಗ ನೀನು ಬಿಟ್ಟೆ, ನನ್ನ ಕೈಲೇ ಆಗ್ತಿಲ್ಲ."

ಹೀಗೆಂದವಳೇ ಬೆಟ್ಟದ ನೆತ್ತಿಯಲ್ಲಿ ನಿಂತು ಬಾಯಿಬಿಟ್ಟು ಅತ್ತಳು. ಹಾಗೆ ಅತ್ತದ್ದನ್ನು ನಾನು ಆಸ್ಪತ್ರೆಯಲ್ಲೂ ಕಂಡಿರಲಿಲ್ಲ.

ನನಗೆ ಸಮಾಧಾನ ಹೇಳಲು ಬರುವುದಿಲ್ಲ, ಸಿಟ್ಟು ಬರುತ್ತದೆ. "ನೋಡಿಲ್ಲಿ, ನಾನು ಓಡ್ತೀನಿ," ಎಂದೆ. "ನಾನು ಕಾಲಿಟ್ಟ ಕಲ್ಲಿನ ಮೇಲೇ ನೀನೂ ಕಾಲಿಡು. ಈ ದೇಹ ತಡ್ಕೊಂಡ ಕಲ್ಲು ನಿನ್ನನ್ನ ಬೀಳಿಸುತ್ತಾ?"

ಓಡಿದೆ. ಅದನ್ನು ಓಟ ಎನ್ನುವುದು ಓಟಕ್ಕೇ ಅವಮಾನ. ಚೀಲ ತೊಡೆಗೆ ಬಡಿಯುತ್ತಿತ್ತು, ಮಂಡಿ ಎರಡೂ ಬೇರೆಬೇರೆ ದಿಕ್ಕಿಗೆ ಹೋಗುತ್ತಿದ್ದವು. ಮೊದಮೊದಲು ಬೆನ್ನ ಹಿಂದೆ ಏನೂ ಕೇಳಲಿಲ್ಲ. ಆಮೇಲೆ ಒಂದು ಹೆಜ್ಜೆ. ಸ್ವಲ್ಪ ತಡೆದು ಇನ್ನೊಂದು. ತಿರುಗಿ ನೋಡಿದರೆ ಎಲ್ಲಿ ನಿಂತುಬಿಡುತ್ತಾಳೋ ಎಂದು ನಾನು ತಿರುಗಲಿಲ್ಲ. ಬರಬರುತ್ತ ಹೆಜ್ಜೆಗಳ ನಡುವಿನ ಬಿಡುವು ಕಡಿಮೆಯಾಯಿತು, ಎರಡು ತಿರುವು ಕಳೆಯುವಷ್ಟರಲ್ಲಿ ಅವಳ ಉಸಿರು ನನ್ನ ಕಿವಿಯ ಹತ್ತಿರವೇ ಇತ್ತು.

"ದಾರಿ ಬಿಡೇ!" ಎಂದು ಕಿರುಚಿದಳು. "ಏನೇ ಇದು ಎಮ್ಮೆ ನಡಿಗೆ! ಪಕ್ಕಕ್ಕೆ ಸರಿಯೇ!"

ಬೈಸಿಕೊಂಡು ಅಷ್ಟು ಸಂತೋಷಪಟ್ಟದ್ದು ನನ್ನ ಜನ್ಮದಲ್ಲೇ ಇಲ್ಲ. ಸರಿದೆನೋ, ಪಕ್ಕದ ಪೊದೆಗೆ ಬಿದ್ದೆನೋ, ಅಂತೂ ಅವಳು ದಾಟಿದಳು. ಅಣ್ಣನಿಗೆ ಕೊಟ್ಟ ಮಾತು ನೆನಪಾಗಿ, ನಿಲ್ಲೇ ಎಂದು ಕೂಗಬೇಕೆಂದುಕೊಂಡೆ. ಬಾಯಿ ಬರಲಿಲ್ಲ.

ಉಳಿದ ದಾರಿಯ ರಿಬ್ಬನ್ನುಗಳನ್ನು ನಾನೇ ಬಿಚ್ಚಿಕೊಂಡು ಇಳಿದೆ. ಪ್ರತಿ ತಿರುವಿನಲ್ಲೂ, ಇಗೋ ಇಲ್ಲಿ ಕಾಲು ಹಿಡಿದು ಕೂತಿರುತ್ತಾಳೆ ಎಂದು ಹೆದರಿ ಕತ್ತು ಚಾಚುವುದು, ಅವಳಿಲ್ಲವೆಂದು ಉಸಿರು ಬಿಡುವುದು. ಇನ್ನೊಂದು ಸಲ ಹರಿದರೆ ಅಣ್ಣನಿಗೆ ಯಾವ ಮುಖ ತೋರಿಸಲಿ, ಅದಕ್ಕಿಂತ ಅವಳಿಗೆ ಏನು ಹೇಳಲಿ? ತಿರುವುಗಳೆಲ್ಲ ಖಾಲಿಯಾಗೇ ಇದ್ದವು.

ಮುಕ್ತಾಯದ ಗೆರೆಗೆ ನಾಲ್ಕು ಮಾರು ಈಚೆಗೆ ಅವಳು ನಿಂತಿದ್ದಳು. ನಿಂತಿದ್ದಳೇನು, ಒಂದು ಕಾಲಿನಿಂದ ಇನ್ನೊಂದಕ್ಕೆ ಕುಣಿಯುತ್ತಿದ್ದಳು. ಕಡೆಯವರು ದಾಟದೆ ಅವಳು ದಾಟುವಂತಿರಲಿಲ್ಲ, ಆ ಕಡೆಯವಳು ಈಗ ನಾನು. "ಎಷ್ಟೊತ್ತೇ!" ಎಂದು ನನ್ನ ಬೆನ್ನಿಗೆ ಕೈಹಾಕಿ ಮುಂದೆ ತಳ್ಳಿ, ನನ್ನ ಹಿಂದೆ ತಾನು ದಾಟಿದಳು. ಚಪ್ಪಾಳೆ ತಟ್ಟಲು ಯಾರೂ ಉಳಿದಿರಲಿಲ್ಲ, ಶಾಮಿಯಾನ ಬಿಚ್ಚುತ್ತಿದ್ದರು.

ಅಣ್ಣ ಓಡಿಬಂದ. ಅವಳು ಇಳಿದು ಬಂದ ಬಗೆಯನ್ನು ನೋಡಿದ್ದಾನೆಂದು ಮುಖವೇ ಹೇಳುತ್ತಿತ್ತು. ಬೈದೇ ಬೈಯುತ್ತಾನೆ ಎಂದುಕೊಂಡೆ. ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು, ಬೂಟು ಸಡಿಲಿಸಿ, ಹಿಮ್ಮಡಿಯ ಮೇಲಿನ ಹೊಲಿಗೆಯ ಗುರುತನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದ.

"ನೋವಿದೆಯಾ? ನಿಜ ಹೇಳು."

ಅತ್ತಿಗೆಯ ಕಣ್ಣು ಅವನ ಮೇಲಿರಲಿಲ್ಲ, ಇಳಿದು ಬಂದ ದಾರಿಯ ಮೇಲಿತ್ತು.

"ಇದೆ," ಎಂದಳು. "ನಡೆದ್ರೆ ಮಾತ್ರ."